ಬೊಮ್ಮಲಿಂಗ ಮುಖ ನೋಡದೆ ಕಡಿದ ಹಳದಿ ಹೂವಿನ ಗಿಡ

ಒಂದಾನೊಂದು ಕಾಲದಲ್ಲಿ, ನೀನು ಹೊದ್ದಿರೋ ಕಂಬಳಿಯ ಕುರಿ ಇನ್ನೂ ಹುಟ್ಟಿರದ ಕಾಲದಲ್ಲಿ, ಬೊಮ್ಮಲಿಂಗ ಅಂತ ಒಬ್ಬ ಇದ್ನಂತೆ. ಹೂಂ ಅನ್ನು ಮಗಾ. ಏಳು ಹಳ್ಳೀಲಿ ನನ್ನಂಥ ಬೇಸಾಯಗಾರ ಇಲ್ಲ, ನಂಗೆ ಗೊತ್ತಿಲ್ಲದ ಗಿಡ ಭೂಮಿ ಮೇಲೇ ಇಲ್ಲ ಅಂತ ಮೀಸೆ ತಿರುವ್ತಿದ್ನಂತೆ. ಒಂದಿನ ಕುಡುಗೋಲು ಹಿಡಿದು, ಬದನೆ ಹೊಲದ ಬದುವಿನ ಗಿಡಗಂಟೀನೆಲ್ಲ ಮುಖಾನೂ ನೋಡದೆ ಸವರಿ, ಬದೂನ ಬೋಳಿಸಿದ ತಲೆ ಹಂಗೆ ಮಿಂಚಿಸಿಬಿಟ್ನಂತೆ. ಚಿಗುರು ಬಂದ್ರೂ ಬಿಡ, ದಿನಾ ಬೆಳಿಗ್ಗೆ ಕೆರೆಯೋನಂತೆ.

ಆಮೇಲೆ ನೋಡು, ಬದನೆ ಗಿಡದ ತುಂಬ ನೇರಳೆ ಹೂವು, ಕಾಯಿ ಮಾತ್ರ ಒಂದೂ ಇಲ್ಲ. ಹೂವೆಲ್ಲ ಉದುರಿ ಮಣ್ಣಾಯ್ತಂತೆ. ಅವನಿಗೆ ಗೊತ್ತು ಮಾಡಿದ್ದ ಹುಡುಗಿ ಗಂಗಿ. ಅವಳ ಮನೆ ಪದ್ಧತಿ ಏನಪ್ಪಾ ಅಂದ್ರೆ, ಗಂಡಿನ ಹೊಲದ ಮೊದಲ ಕಾಯಿ ಹೆಣ್ಣಿನ ಮಡಿಲಿಗೆ ಬಿದ್ರೇನೇ ಮದುವೆ. ಗಂಗಿಯ ಅಜ್ಜಿ ಸಣ್ಣವ್ವ ಬಂದು ನೋಡಿದವಳೇ, ಎಲಾ ಮೀಸೆ, ಬದುವಿನ ಮೇಲಿದ್ದ ಹಳದಿ ಹೂವಿನ ಗಿಡ ಎಲ್ಲೋ, ಹುಡುಕಿ ತೋರ್ಸು, ಮೂರು ಸಲ ತಪ್ಪಿದ್ರೆ ಗಂಗಿ ಬೇರೆ ಮನೆಗೆ ಅಂದ್ಳಂತೆ.

ಅಷ್ಟೇನಾ ಅಂತ ಎದೆ ಉಬ್ಬಿಸ್ಕೊಂಡು ಹೋಗಿ ಒಂದು ಗಿಡ ಕಿತ್ತು ತಂದ. ಕೈಯೆಲ್ಲ ಮುಳ್ಳು, ಮುರಿದಲ್ಲಿ ಹಳದಿ ಹಾಲು. ಇದು ಎಲ್ಲಿಂದಲೋ ಬಂದು ಸೇರ್ಕೊಂಡ ದತ್ತೂರಿ ಕಣೋ, ನಮ್ಮ ನೆಲದ್ದಲ್ಲ ಅಂದ್ಳು ಸಣ್ಣವ್ವ. ಆಮೇಲೆ ಇನ್ನೊಂದು ತಂದ. ಅಯ್ಯೋ ಮಂಕೇ, ಇದು ಮಳೇಲಿ ಹುಟ್ಟಿ ಬಿಸಿಲಿಗೆ ಸಾಯೋ ತಗಚೆ, ನಾನು ಕೇಳಿದ್ದು ಬೇಸಿಗೇಲೂ ಹಸಿರಾಗಿರೋ ಪೊದೆ ಅಂದ್ಳು. ಅಜ್ಜಿ ಹಿಂದೆ ನಿಂತಿದ್ದ ಗಂಗಿ ಸೆರಗು ಅಡ್ಡ ಹಿಡಿದು, ಏಳು ಹಳ್ಳೀಗೇ ಬೇಸಾಯಗಾರ ಅಂದೋನು ಎರಡು ಗಿಡಕ್ಕೇ ಸುಸ್ತಾ ಅಂತ ನಕ್ಳಂತೆ.

ಈಗ ಉಳಿದಿದ್ದು ಒಂದೇ ಸಲ. ಅವನ ತಲೆ ಕೆಟ್ಟು ಮೊಸರಾಯ್ತು. ಎತ್ತ ನೋಡಿದ್ರೂ ಹಳದಿ! ಹುಚ್ಚೆಳ್ಳೂ ಹಳದಿ, ನೆಗ್ಗಿಲೂ ಹಳದಿ, ಅದೋ ಇದೋ, ಇದೋ ಅದೋ ಅಂತ ತಿರುಗಿ ತಿರುಗಿ, ಕೊನೆಗೆ ಗುಡ್ಡದ ಬುಡದಲ್ಲಿ ಬಾಯಿ ಮುಚ್ಕೊಂಡು ಕೂತ್ನಂತೆ. ಹುಟ್ಟಿದ ಮೇಲೆ ಅದೇ ಮೊದಲು!

ಬಾಯಿ ಮುಚ್ಚಿದ್ದಕ್ಕೇ ಕಿವಿ ತೆರೀತು. ಝುಂಯ್ ಅಂತು. ಹೆಬ್ಬೆರಳು ಗಾತ್ರದ ಕರೀ ದುಂಬಿ ಒಂದು ಹಳದಿ ಹೂವನ್ನ ತಬ್ಕೊಂಡು ಗಡಗಡ ಅಲ್ಲಾಡಿಸ್ತು, ಮೈಯೆಲ್ಲ ಅರಿಶಿನ ಮೆತ್ಕೊಳ್ತು. ಅರೆ, ಬದನೆ ಹೂವನ್ನೂ ಹಿಂಗೇ ಅಲ್ಲಾಡಿಸ್ತಿದ್ದ ದುಂಬಿ ಇದೇ ಅಲ್ವಾ? ಹತ್ರ ಹೋಗಿ ನೋಡಿದ್ರೆ ಕಟ್ಟಿಗೆಯಂಥ ಕಾಂಡ, ಚಪ್ಪಟೆ ಕಾಯಿ, ಸಣ್ಣ ಸಣ್ಣ ಜೋಡಿ ಎಲೆ. ಈ ಎಲೆ ಎಲ್ಲೋ ನೋಡಿದೀನಲ್ಲ! ತನ್ನ ಬದುವಿಗೆ ಓಡಿದ. ದಿನಾ ಬೆಳಿಗ್ಗೆ ತಾನೇ ಕೆರೆದು ಬಿಸಾಡ್ತಿದ್ದ ಚಿಗುರು ಅದು! ಈ ಸಲ ಕೀಳಲಿಲ್ಲ. ಸಣ್ಣವ್ವನ ಕೈ ಹಿಡ್ಕೊಂಡು ಬಂದು ಬದುವಿನಲ್ಲಿ ಉಳಿದಿದ್ದ ಕೂಳೆ, ಅದರ ಚಿಗುರು ತೋರಿಸಿದ. ಇದೇ ಕಣೋ ತಂಗಡಿ ಅಂದ್ಳು ಮುದುಕಿ, ಅಷ್ಟೇ.

ಆಮೇಲೆ ಕುಡುಗೋಲು ಸೂರಿಗೆ ಸಿಕ್ಕಿಸಿದ್ನಂತೆ. ತಂಗಡಿ ಚಿಗುರಿ ಹೂವಾಯ್ತು, ಅದನ್ನ ಹುಡುಕ್ಕೊಂಡು ದುಂಬಿ ಬಂತು, ಬದನೆ ಹೂವನ್ನೂ ಅಲ್ಲಾಡಿಸ್ತು, ಬದನೆ ಕಾಯಿ ಕಚ್ತು. ಮೊದಲ ಕಾಯಿ ಮಡಿಲಿಗೆ ಹಾಕಿಸ್ಕೊಂಡು ಗಂಗಿ, ನಿಂಗೆ ಗೊತ್ತಿಲ್ಲದ ಗಿಡ ಇಲ್ವಂತಲ್ಲ, ಬೇಲೀಲಿರೋ ಅದ್ಯಾವುದು ಹೇಳು ಅಂದ್ಳಂತೆ. ಬೊಮ್ಮಲಿಂಗ ಮೀಸೆಗೆ ಕೈ ಹಾಕಿ, ಹಂಗೇ ಇಳಿಸಿ, ತಡಿ ತಾಯಿ, ದುಂಬೀನ ಕೇಳಿ ಹೇಳ್ತೀನಿ ಅಂದ್ನಂತೆ.

ಅವರಿಬ್ರೂ ಎಣ್ಣೆಗಾಯಿ ರೊಟ್ಟಿ ತಿಂದ್ಕೊಂಡು ಸುಖವಾಗಿದ್ರು. ಹೂಂ ಅನ್ನೋ ಬಾಯೂ ಮಲಗ್ತು, ಕತೇನೂ ಮುಗೀತು.