ಬೇಯದ ಬೇಳೆಗೆ ಸಹಿ

ಸಾಯಿಬಣ್ಣ ಒಂದು ತೊಗರಿ ಸಂಶೋಧನಾ ಕೇಂದ್ರದಲ್ಲಿ ಅಡುಗೆಯವನು. ಅವನಿಗೆ ಸ್ವಂತದ ಎರಡೆಕರೆ ತೊಗರಿ ಹೊಲವೂ ಇತ್ತು. ಆ ಕೇಂದ್ರದಲ್ಲಿ ಯಾವ ಬೇಳೆಯಾದರೂ ಅವನು ಬೇಯಿಸಿ, ಬೆರಳಲ್ಲಿ ಹಿಸುಕಿ ನೋಡಿ, ಸಹಿ ಹಾಕಿದ ಮೇಲೆಯೇ ವರದಿ ಹೊರಡುತ್ತಿತ್ತು.

ಒಂದು ಬೆಳಿಗ್ಗೆ ರಾಜಧಾನಿಯಿಂದ ದೊಡ್ಡ ಅಧಿಕಾರಿಯೊಬ್ಬರು ಬಂದರು. ಹೊರದೇಶದ ಬೇಳೆಯ ಮೇಲಿನ ಆಮದು ಸುಂಕ ತೆಗೆಸುವುದು ಅವರ ಕೆಲಸ. ಕೈಯಲ್ಲಿ ಆ ಬೇಳೆಯ ಚೀಲವಿತ್ತು. ಅದು ನಮ್ಮ ಬೇಳೆಯಷ್ಟೇ ಬೇಗ ಬೇಯುತ್ತದೆ ಎಂದು ವರದಿಯನ್ನೂ ಬರೆದೇ ತಂದಿದ್ದರು.

"ಸಹಿ ಹಾಕಯ್ಯ. ಒಂದು ಗಂಟೆಗೆ ಊಟ ಕೊಡು. ಎರಡಕ್ಕೆ ನನ್ನ ರೈಲು."

ಸಹಿ ಹಾಕಿದರೆ ಸುಂಕವಿಲ್ಲದ ಅಗ್ಗದ ಬೇಳೆ ಬಂದು, ಈ ಸಲ ತನ್ನ ತೊಗರಿಯನ್ನು ಕೇಳುವವರೇ ಇರುವುದಿಲ್ಲ ಎಂದು ಸಾಯಿಬಣ್ಣನಿಗೆ ಗೊತ್ತು.

"ಉಂಡ ಮ್ಯಾಲ ಹಾಕ್ತೀನ್ರಿ" ಎಂದು ಚೀಲ ಎತ್ತಿಕೊಂಡು ಒಳಗೆ ಹೋದ.

ಒಂದು ಗಂಟೆಗೆ ತಟ್ಟೆ ಬಂತು. ಅದರಲ್ಲಿ ಬರೀ ರೊಟ್ಟಿ. ಒಂದೂಕಾಲಾಯಿತು.

"ಬೇಳೆ ಎಲ್ಲಯ್ಯಾ?"

ಸಾಯಿಬಣ್ಣ ಸೌಟಿನಲ್ಲಿ ನಾಲ್ಕು ಕಾಳು ತಂದ. "ನೀವೇ ಹಿಸುಕಿ ನೋಡ್ರಿ ಸಾಹೇಬ್ರ."

ಕಾಳು ಕಲ್ಲಿನಂತಿತ್ತು.

"ನಮ್ಮ ಬೇಳೆ ಹಾಕಬಾರದಿತ್ತೇನಯ್ಯಾ?"

"ಎರಡೂ ಒಂದೇ ಹೊತ್ತಿನಾಗ ಬೇಯ್ತಾವಂತ ನೀವೇ ಬರ್ದೀರಲ್ರಿ."

ಅಧಿಕಾರಿ ಗಡಿಯಾರ ನೋಡಿದರು. ರೊಟ್ಟಿ ನೋಡಿದರು. ಆಮೇಲೆ ಪೆನ್ನು ತೆಗೆದು, ಆ ಸಾಲು ಹೊಡೆದು ಹಾಕಿ, ಬೇಯಲು ದುಪ್ಪಟ್ಟು ಹೊತ್ತು ಬೇಕು ಎಂದು ಬರೆದರು. ಸಾಯಿಬಣ್ಣ ಸಹಿ ಹಾಕಿದ. ಮರುಗಳಿಗೆಗೆ ಬಿಸಿ ಬೇಳೆ ತಂದು ಬಡಿಸಿದ.

"ಇದನ್ನು ಯಾವಾಗ ಮಾಡಿದೆಯೋ?"

"ಇದು ನಮ್ಮದ್ರಿ. ನೀವು ಆ ಸಾಲು ಹೊಡೆಯೋದ್ರಾಗ ಬೆಂದುಬಿಡ್ತು."