ಮೌನಪ್ಪ ಮಿಸ್ತ್ರಿ ಬರೆದ ಹೆಸರು

ಬಲು ಹಿಂದಿನ ಮಾತು, ಇಸವಿ ಮಾತ್ರ ಕೇಳಬೇಡಿ. ಕರಿಗುಡ್ಡದ ಬುಡದಲ್ಲಿ ಒಂದು ಊರಿತ್ತಂತೆ, ಗುಡ್ಡದ ನೆತ್ತಿಯ ಮೇಲೆ ಒಂದು ವಿಶ್ವವಿದ್ಯಾಲಯ ಇತ್ತಂತೆ. ಅಲ್ಲಿಯ ಇಂಜಿನಿಯರಿಂಗ್ ಕಾಲೇಜಿನ ವರ್ಕ್‌ಶಾಪಿನಲ್ಲಿ ಮೌನೇಶಪ್ಪ ಕಮ್ಮಾರ ಅಂತ ಒಬ್ಬ ಮಿಸ್ತ್ರಿ ಇದ್ದ. ಊರಿಗೆಲ್ಲ ಮೌನಪ್ಪ ಮಿಸ್ತ್ರಿ, ಹುಡುಗರಿಗೆ ಮಿಸ್ತ್ರಿ ಕಾಕಾ. ಕಣ್ಣು ಕಟ್ಟಿದರೂ ಬೆರಳಿನಲ್ಲಿ ಅರ್ಧ ಕೂದಲೆಳೆ ಅಳೆಯುತ್ತಿದ್ದನಂತೆ. ಕೆಲವರು ಕಾಲು ಎಳೆ ಅನ್ನುತ್ತಾರೆ. ವರ್ಷ ಹೋದಂತೆ ಆ ಕೂದಲು ಸಣ್ಣದಾಗುತ್ತಲೇ ಇದೆ, ನಾನೇನು ಮಾಡಲಿ.

ಒಂದು ಬೇಸಿಗೆಯಲ್ಲಿ ಹಾಸ್ಟೆಲಿನ ನೀರಿನ ಪಂಪು ನಿಂತುಹೋಯಿತಂತೆ. ಎಂಟುನೂರು ಹುಡುಗರು, ಮೂರು ದಿನ, ಒಂದು ತಂಬಿಗೆ ನೀರಿಲ್ಲ. ದೊಡ್ಡ ಊರಿನಿಂದ ಬಂದವರು ನಕ್ಷೆ ಬಿಡಿಸಿದರು, ಚಹಾ ಕುಡಿದರು, ಹೋದರು. ಮೌನಪ್ಪ ಬಂದು ಕೊಳವೆಗೆ ಕಿವಿ ಹಚ್ಚಿ, ಸುತ್ತಿಗೆಯಿಂದ ಮೂರು ಸಲ ತಟ್ಟಿ, ಇಲ್ಲಿ ಬಿಚ್ಚಿರಿ ಅಂದನಂತೆ. ಬಿಚ್ಚಿದರು, ಸಂಜೆಗೆ ನೀರು ಬಂತು. ಏನು ಬೇಕು ಕೇಳಪ್ಪಾ ಅಂತ ಕುಲಪತಿಗಳು ಅಂದರಂತೆ.

ಈ ಮನುಷ್ಯ ಕೇಳಿದ್ದೇನು ಗೊತ್ತೇ? ಹೊಳೆಯಾಚೆ ಒಂದು ಪವರ್‌ಹೌಸು ಇತ್ತು. ಬೇಸಿಗೆ ತರಬೇತಿಗೆ ಮೂವರನ್ನು ಕಳಿಸಿ ಅಂತ ಅಲ್ಲಿಂದ ವರ್ಷವರ್ಷವೂ ಕಾಗದ ಬರುತ್ತಿತ್ತು. ಅಲ್ಲಿ ತರಬೇತಿಯಾದರೆ ಅಲ್ಲೇ ಕೆಲಸ. ಆ ಮೂರೂ ಹೆಸರು ಪ್ರತಿ ಸಲ ದೊಡ್ಡವರ ಮನೆಯವೇ ಆಗಿರುತ್ತಿದ್ದವು. ಎರಡು ನಿಮ್ಮವಿರಲಿ, ಮೂರನೆಯದನ್ನು ನಾನು ಬರೆಯುತ್ತೇನೆ ಅಂದನಂತೆ ಮೌನಪ್ಪ. ಕುಲಪತಿಗಳು ಕೊಟ್ಟ ಮಾತಿಗೆ ತಪ್ಪಲಿಲ್ಲ.

ಅವನು ಬರೆಯುವ ಹೆಸರಿಗೆ ಮಾರ್ಕು ಬೇಡ, ವಶೀಲಿ ಬೇಡ. ಎರಡು ಕಬ್ಬಿಣದ ತುಂಡು ಕೊಡುತ್ತಿದ್ದ. ಒಂದರಲ್ಲಿ ಬೆಣೆಯಂಥ ಹಲ್ಲು ತೆಗೆಯಬೇಕು, ಇನ್ನೊಂದರಲ್ಲಿ ಅದು ಕೂರುವ ಕಚ್ಚು. ಯಂತ್ರ ಮುಟ್ಟುವಂತಿಲ್ಲ, ಬರೀ ಅರದಿಂದ ತಿಕ್ಕಬೇಕು. ಹಲ್ಲು ಕಚ್ಚಿನಲ್ಲಿ ಕೂತಾಗ ಬೆಳಕಿಗೆ ಹಿಡಿದರೆ ನಡುವೆ ಒಂದು ಗೆರೆ ಬೆಳಕೂ ಕಾಣಬಾರದು. ಪಟ್ಟಿ ಹೋಗುವ ದಿನ ಐದರ ಸೈರನ್ ಕೂಗಿ ನಿಲ್ಲುವುದರೊಳಗೆ ಜೋಡಿ ಅವನ ಮೇಜಿನ ಮೇಲಿರಬೇಕು.

ಹೀಗಿರಲಾಗಿ ಒಂದು ವರ್ಷ ಕಸ್ತೂರಿ ಹೂಗಾರ ಅನ್ನುವ ಹುಡುಗಿ ಬಂದಳು. ಹೂವು ಕಟ್ಟುವವರ ಮನೆಯವಳು. ಮೆಕ್ಯಾನಿಕಲ್ ಓದಿದ ಮೊದಲ ಹುಡುಗಿ ಅವಳೇ ಅಂತಾರೆ. ತರಬೇತಿಯ ಕಾಗದ ಇಲ್ಲದಿದ್ದರೆ ಪದವಿ ಇಲ್ಲ ಅನ್ನುವ ಕಾಯಿದೆ ಆ ವರ್ಷವೇ ಬಂದಿತ್ತು. ಮಿಕ್ಕವರಿಗೆ ಮಾವನ ಕಾರ್ಖಾನೆ, ಕಾಕನ ಕಂಪನಿ ಇದ್ದವು. ಇವಳು ಏಳು ಕಾರ್ಖಾನೆ ತಿರುಗಿದಳು. ಹೆಣ್ಣುಮಕ್ಕಳಿಗೆ ವ್ಯವಸ್ಥೆ ಇಲ್ಲ ಅಂತ ಏಳೂ ಕಡೆ ಗೇಟಿನಿಂದಲೇ ಕಳಿಸಿದರು. ಮನೆಯಲ್ಲಿ ದೊಡ್ಡಪ್ಪ ನಾಲ್ಕು ವರ್ಷ ಅಂದರೆ ನಾಲ್ಕೇ, ಮೇಲೆ ಒಂದು ದಿನವೂ ಇಲ್ಲ ಅಂದುಬಿಟ್ಟಿದ್ದ. ಉಳಿದದ್ದು ಮಿಸ್ತ್ರಿಯ ಮೂರನೆಯ ಹೆಸರೊಂದೇ.

ಪಟ್ಟಿಯ ದಿನ ಬಂತು. ಮಧ್ಯಾಹ್ನ ಎರಡಕ್ಕೆ ಕಸ್ತೂರಿಯ ಜೋಡಿ ಹೆಚ್ಚುಕಡಿಮೆ ಕೂತಿತ್ತು, ಒಂದು ಮೂಲೆಯಲ್ಲಿ ಮಾತ್ರ ಸೂಜಿಮೊನೆಯಷ್ಟು ಬೆಳಕು. ಇನ್ನೊಂದೇ ಸಲ ಅಂತ ಹಲ್ಲಿನ ಪಕ್ಕಕ್ಕೆ ಅರ ಎಳೆದಳು. ಆ ಇನ್ನೊಂದೇ ಸಲ ಎಷ್ಟು ಮನೆ ಹಾಳು ಮಾಡಿದೆಯೋ! ಬೆಳಕಿಗೆ ಹಿಡಿದು ನೋಡಿದರೆ, ಸೂಜಿಮೊನೆ ಇದ್ದದ್ದು ಸೀಳಾಗಿತ್ತು. ತಿಕ್ಕಿದ ಕಬ್ಬಿಣ ತಿರುಗಿ ಬೆಳೆಯುತ್ತದೆಯೇ? ತುಂಡುಗಳನ್ನು ಹಾಗೆ ಹೀಗೆ ಕೂಡಿಸಿ ನೋಡುವುದರಲ್ಲೇ ನಾಲ್ಕು ಹೊಡೆಯಿತು.

ತುಂಡು ಬಿಗಿದು ಹಿಡಿಯುವ ಪಕ್ಕದ ವೈಸಿನ ಮುಂದೆ ಅವಳ ಜೊತೆ ಓದುವ ದಿವಾಕರ ಇದ್ದ, ಕೆಟ್ಟ ಹುಡುಗನಲ್ಲ. ಮೆಲ್ಲಗೆ ಬಂದು ಕೊನೆಯ ಮೇಜಿನ ಕೆಳಗಿನ ಸಡಿಲು ಇಟ್ಟಿಗೆ ಸರಿಸಿ, ಎಣ್ಣೆಬಟ್ಟೆಯಲ್ಲಿ ಸುತ್ತಿದ ಒಂದು ಜೋಡಿ ತೆಗೆದು ಅವಳ ಮುಂದಿಟ್ಟ. ಯಾವ ಕಾಲದ ಯಾರ ಕೈಯದೋ, ನೀರೂ ಇಳಿಯದ ಹಾಗೆ ಕೂಡಿತ್ತು. ತುಂಡಿನ ಮೇಲಿನ ಹಳೆಯ ರೋಲ್ ನಂಬರು ತಿಕ್ಕಿ ಅಳಿಸುವುದು, ತನ್ನ ನಂಬರಿನ ಪಂಚು ಹೊಡೆಯುವುದು, ಪರೀಕ್ಷೆಯ ಮಾರ್ಕು ಬಂದಮೇಲೆ ತಿರುಗಿ ಇಟ್ಟಿಗೆಯ ಹಿಂದೆ ಇಡುವುದು, ಇದು ಆ ವರ್ಕ್‌ಶಾಪಿನ ಗುಟ್ಟಿನ ಪದ್ಧತಿ.

"ತಗೋ ಕಸ್ತೂರಿ," ಅಂದ ದಿವಾಕರ. "ಎಲ್ಲಾರೂ ಮಾಡ್ತಾರ. ನಂದರೆ ಎಲ್ಲಿ ಕೂಡೇದ?"

ಅವಳು ತಗೊಂಡಳು. ಸುಳ್ಳು ಯಾಕೆ ಹೇಳಲಿ, ತಗೊಂಡಳು. ವೈಸಿಗೆ ಬಿಗಿದು ನಂಬರಿನ ಮೇಲೆ ಅರ ಇಟ್ಟಳು. ನಾಲ್ಕು ಸಲ ತಿಕ್ಕುವಷ್ಟರಲ್ಲಿ ಆ ನಂಬರಿನಡಿ ಇನ್ನೊಂದು ನಂಬರಿನ ಗುರುತು ಕಂಡಿತು. ಅದರಡಿ ಮತ್ತೊಂದು. ಎಷ್ಟು ಜನರ ನಂಬರೋ ಏನೋ! ತಿಕ್ಕಿ ತಿಕ್ಕಿ ಆ ತುಂಡು ರೊಟ್ಟಿಯಷ್ಟು ತೆಳ್ಳಗಾಗಿತ್ತು. ಕಸ್ತೂರಿಗೆ ಎಂಥದೋ ಅಸಹ್ಯವಾಯಿತು. ವೈಸು ಸಡಿಲಿಸಿ ಅದನ್ನು ದಿವಾಕರನ ಕೈಗೇ ತಿರುಗಿ ಕೊಟ್ಟು, ತನ್ನ ಕೆಟ್ಟ ಜೋಡಿಯನ್ನು ಎತ್ತಿಕೊಂಡಳು.

ಗಡಿಯಾರ ನಾಲ್ಕೂಕಾಲು ತೋರಿಸುತ್ತಿತ್ತು. ಹಲ್ಲು ಸಣ್ಣದಾಗಿದೆ, ಅದನ್ನು ದೊಡ್ಡದು ಮಾಡಲಾಗದು. ಆದರೆ ಬೆಣೆಯಂತಿರುವುದರಿಂದ ಕಚ್ಚಿನೊಳಗೆ ಇನ್ನೂ ಆಳಕ್ಕೆ ಇಳಿಸಬಹುದಲ್ಲ! ಇಳಿಸಬೇಕೆಂದರೆ ಹಲ್ಲಿನ ಎರಡೂ ಬದಿಯ ಹೆಗಲು ತಿಕ್ಕಿ ತಗ್ಗಿಸಬೇಕು. ತಗ್ಗಿಸಿದರೆ ಜೋಡಿ ಕೂಡುತ್ತದೆ, ಆದರೆ ನಕ್ಷೆಯ ಅಳತೆಗಿಂತ ಗಿಡ್ಡವಾಗುತ್ತದೆ. ಆದದ್ದಾಗಲಿ ಅಂತ ತಿಕ್ಕಿದಳು. ಅಂಗೈ ಬೊಕ್ಕೆ ಒಡೆದು ಅರದ ಹಿಡಿ ಒದ್ದೆಯಾಯಿತಂತೆ. ನಾಲ್ಕೂಮುಕ್ಕಾಲಿಗೆ ಸೀಳಿನಲ್ಲಿ ಇನ್ನೂ ಬೆಳಕಿತ್ತು. ಐದಕ್ಕೆ ಐದು ನಿಮಿಷವಿದ್ದಾಗಲೂ ಇತ್ತು. ಸೈರನ್ ಕೂಗತೊಡಗಿತು, ಅದು ಕೂಗಿ ನಿಲ್ಲುವುದರೊಳಗೆ ಕಸ್ತೂರಿ ತನ್ನ ಜೋಡಿಯನ್ನು ಮಿಸ್ತ್ರಿಯ ಮೇಜಿನ ಮೇಲಿಟ್ಟಳು.

ಇಪ್ಪತ್ತು ಜೋಡಿಗಳಲ್ಲಿ ಬೆಳಕು ಕಾಣದವು ಎರಡೇ. ಒಂದು ದಿವಾಕರನದು, ಇಟ್ಟಿಗೆಯ ಹಿಂದಿನದು. ಇನ್ನೊಂದು ಕಸ್ತೂರಿಯದು. ಕಾಲೇಜಿನ ಮುಖ್ಯಸ್ಥರು ಪಟ್ಟಿ ಹಿಡಿದು ಪಕ್ಕದಲ್ಲೇ ನಿಂತಿದ್ದರು. ಅಳತೆಪಟ್ಟಿ ಇಟ್ಟು ನೋಡಿ, ಹುಡುಗಿಯದು ಎರಡು ಗೆರೆ ಗಿಡ್ಡ, ಹುಡುಗನದು ಸರಿಯಾಗಿದೆ ಅಂದರಂತೆ.

ಮೌನಪ್ಪ ದಿವಾಕರನ ತುಂಡನ್ನು ಎರಡು ಬೆರಳ ನಡುವೆ ಹಿಡಿದು ಕೇಳಿದ. "ಎಲ್ಲಿ ತಪ್ಪೀದಿ ತಮ್ಮಾ?"

"ಎಲ್ಲೂ ಇಲ್ರೀ ಕಾಕಾ."

"ಭಾಳ ಸವದದ ನೋಡು," ಅಂದು ಅದನ್ನು ಅವನ ಕೈಗಿಟ್ಟ. ಹುಡುಗ ತಲೆ ತಗ್ಗಿಸಿದ.

"ನೀ ಎಲ್ಲಿ ತಪ್ಪೀದಿ ಯವ್ವಾ?"

ಕಸ್ತೂರಿ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. "ಎರಡು ಗಂಟೇಕ ಆಸೆ ಆತ್ರೀ ಕಾಕಾ. ಇನ್ನೊಂದು ಸಲ ತಿಕ್ಕಿದೆ. ಹಲ್ಲು ಹೋತು. ಆಮ್ಯಾಲೆ ಅವನ ಕೈಯಾಗಿಂದೂ ತಗೊಂಡಿದ್ದೆ, ನಂಬರು ತಿಕ್ಕಾಕ ಹತ್ತಿದ್ದೆ. ಆಗಲಿಲ್ಲ, ಕೊಟ್ಟುಬಿಟ್ಟೆ. ಕಡೀಕ ಹೆಗಲು ಇಳಿಸಿದೆ."

ನಕ್ಷೆಯಂತೆ ಇಲ್ಲದ್ದನ್ನು ಹೇಗೆ ಒಪ್ಪುವುದು ಅಂತ ಮುಖ್ಯಸ್ಥರು ಗದರಿದರು. ಆಗ ಮೌನಪ್ಪ ಅಂದನಂತೆ, "ಸಾಹೇಬ್ರ, ಪವರ್‌ಹೌಸಿನ್ಯಾಗ ಯಂತ್ರ ಕೆಟ್ಟಾಗ ಹೊಸಾ ತುಂಡು ಕೊಡವರು ಯಾರಿರತಾರ? ಕೆಟ್ಟದ್ದರಾಗ ಕೂಡಿಸಬೇಕು. ಇಕಿ ಕೂಡಿಸ್ಯಾಳ."

ಪಟ್ಟಿ ಎಳೆದುಕೊಂಡು ಕೂತ. ಮಿಸ್ತ್ರಿಗೆ ಬರವಣಿಗೆ ಅಷ್ಟಕ್ಕಷ್ಟೇ. ಕಸ್ತೂರಿ ಹೂಗಾರ ಅಂತ ಬರೆಯಲು ಎಂಟು ನಿಮಿಷ ಹಿಡಿಯಿತಂತೆ. ಆ ಎಂಟು ನಿಮಿಷ ಅವಳು ಉಸಿರು ಬಿಡಲಿಲ್ಲ ಅನ್ನುತ್ತಾರೆ. ಇದನ್ನು ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು.

ಮುಂದೆ ಕಸ್ತೂರಿ ಆ ಪವರ್‌ಹೌಸಿಗೇ ದೊಡ್ಡ ಇಂಜಿನಿಯರ್ ಆದಳಂತೆ. ಅಲ್ಲಿಂದ ಬರುವ ಕಾಗದದಲ್ಲಿ ಮೂರು ಇದ್ದದ್ದು ಹತ್ತಾಯಿತು, ಹೆಣ್ಣುಮಕ್ಕಳನ್ನೂ ಕಳಿಸಿ ಅನ್ನುವ ಸಾಲು ಸೇರಿತು. ದಿವಾಕರ ಮರುವರ್ಷ ತನ್ನ ಕೈಯಿಂದಲೇ ತಿಕ್ಕಿದ ಜೋಡಿ ಇಟ್ಟು ಹೆಸರು ಬರೆಸಿಕೊಂಡ. ಹೋಗುವಾಗ ಆ ತೆಳ್ಳನೆಯ ಜೋಡಿಯನ್ನು ಮಿಸ್ತ್ರಿಯ ವೈಸಿನ ಪಕ್ಕ ಮೊಳೆಗೆ ನೇತುಹಾಕಿದ.

ಮೌನಪ್ಪ ಹೋಗಿ ಎಷ್ಟೋ ಕಾಲವಾಯಿತು. ಈಗ ಕಂಪನಿಗಳೇ ಕಾರಿನಲ್ಲಿ ಗುಡ್ಡ ಹತ್ತಿ ಬರುತ್ತವೆ. ಇಸ್ತ್ರಿ ಅಂಗಿ ತೊಟ್ಟ ಮಕ್ಕಳು ಇಂಟರ್‌ವ್ಯೂ ಕೋಣೆಗೆ ಹೋಗುವ ಮೊದಲು ವರ್ಕ್‌ಶಾಪಿಗೆ ಹೋಗಿ ಸಾಲು ನಿಲ್ಲುತ್ತಾರೆ. ಒಬ್ಬೊಬ್ಬರೇ ಮಿಸ್ತ್ರಿಯ ವೈಸಿನ ಹಿಡಿ ಹಿಡಿದು, ತಾವು ಎಲ್ಲಿ ತಪ್ಪಿದೆವು ಅನ್ನುವುದನ್ನು ಮೆಲ್ಲಗೆ ಅದಕ್ಕೆ ಹೇಳುತ್ತಾರೆ. ಕೆಲವರದು ಒಂದು ಮಾತಿನಲ್ಲಿ ಮುಗಿಯುತ್ತದೆ, ಕೆಲವರಿಗೆ ಬಹಳ ಹೊತ್ತು ಹಿಡಿಯುತ್ತದೆ. ಹಿಂದೆ ನಿಂತವರು ಯಾರೂ ಅವಸರ ಮಾಡುವುದಿಲ್ಲ.