ತೂಬಿನ ಎರಡು ಬೀಗ

"ಗುರುಗಳೇ, ನನ್ನನ್ನು ನಮ್ಮ ನಾಡಿನ ಅಧಿಕಾರಿಯಾಗಿ ನೇಮಿಸಿದ್ದಾರೆ. ನಾಳೆ ಹೊರಡುತ್ತೇನೆ. ಹೆಣ್ಣು ಗಂಡು ಎಂಬ ಭೇದ ನನ್ನ ಮನಸ್ಸಿನಲ್ಲಿ ಇಲ್ಲವೆಂದು ನೀವು ಬಲ್ಲಿರಿ. ನನ್ನ ಬಳಿಗೆ ಬಂದ ಹೆಂಗಸಿಗೆ ಅನ್ಯಾಯವಾಗಲು ನಾನು ಬಿಡುವವನಲ್ಲ. ಅಷ್ಟು ಸಾಲದೇ? ಅವರಿಗೆಂದು ಬೇರೆ ಕಟ್ಟಳೆಗಳು ಏಕೆ ಬೇಕು?" ಎಂದು ಶಿಷ್ಯ ಕೇಳಿದ.

ಗುರು ಒಂದು ಕತೆ ಹೇಳತೊಡಗಿದರು.

ಒಂದು ಊರು. ಊರಿಗೊಂದು ದೊಡ್ಡ ಕೆರೆ. ಕೆರೆಯ ನಡುವೆ ಒಂದು ಕಲ್ಲಿನ ಮಂಟಪ. ಊರಿನ ಸಭೆ ಸೇರುತ್ತಿದ್ದುದು ಆ ಮಂಟಪದಲ್ಲಿ. ಕೋಳಿ ಕೂಗುವ ಹೊತ್ತಿಗೆ ಹಿರಿಯರು ದೋಣಿ ಹತ್ತಿ ಅಲ್ಲಿಗೆ ಹೋಗುತ್ತಿದ್ದರು. ಮಂಜು ಕವಿದ ದಿನಗಳಲ್ಲಿ ದಡದಿಂದ ಮಂಟಪ ಕಾಣುತ್ತಿರಲಿಲ್ಲ. ಮಾತುಗಳು ಮಾತ್ರ ನೀರಿನ ಮೇಲೆ ತೇಲಿ ಬರುತ್ತಿದ್ದವು, ಯಾರೋ ನಿದ್ದೆಯಲ್ಲಿ ಆಡಿದ ಹಾಗೆ. ಹೆಂಗಸರು ಸಭೆಗೆ ಬರಬಾರದೆಂದು ಯಾರೂ ಹೇಳಿರಲಿಲ್ಲ. ಆದರೆ ಆ ಹೊತ್ತಿನಲ್ಲಿ ಅವರು ಬೀಸುವ ಕಲ್ಲಿನ ಮುಂದೆ ಇರುತ್ತಿದ್ದರು, ಕೊಟ್ಟಿಗೆಯಲ್ಲಿ ಇರುತ್ತಿದ್ದರು, ಕಾಲುವೆಯಲ್ಲಿ ಇರುತ್ತಿದ್ದರು.

ಕಾಲುವೆ ಕೆರೆಯ ತೂಬಿನಿಂದ ಹೊರಟು ಗದ್ದೆಗಳಿಗೆ ಹೋಗುತ್ತಿತ್ತು. ತೂಬು ತೆಗೆಯುವ ದಿನವನ್ನು ಸಭೆ ಗೊತ್ತುಮಾಡುತ್ತಿತ್ತು. ನೀರುಗಂಟಿ ಬಂದು ತೂಬು ಎತ್ತುತ್ತಿದ್ದ. ಕೆಳಗಿನ ತಿರುವಿನಲ್ಲಿ ಬಟ್ಟೆ ಒಗೆಯುವವರಿಗೂ ಮಣ್ಣು ಅಗೆಯುವವರಿಗೂ ಅದು ತಿಳಿಯುತ್ತಿದ್ದುದು ನೀರು ಬಂದಾಗಲೇ.

ಆ ಊರಿನಲ್ಲಿ ಒಬ್ಬ ಕುಂಬಾರಗಿತ್ತಿ ಇದ್ದಳು. ಒಂದು ಬೆಳಗ್ಗೆ ಅವಳೂ ಅವಳ ತಂಗಿಯೂ ಮಣ್ಣಿಗೆ ಹೋಗಿದ್ದರು. ಬುಟ್ಟಿ ತುಂಬಿತೆಂದು ಅಕ್ಕ ದಡ ಹತ್ತಿದಳು. "ಇನ್ನೊಂದು ಹಿಡಿ ಅಕ್ಕಾ, ಈ ಮಣ್ಣು ಬೆಣ್ಣೆಯ ಹಾಗಿದೆ" ಎಂದು ತಂಗಿ ಮತ್ತೆ ಬಗ್ಗಿದಳು. ಅಷ್ಟರಲ್ಲಿ ನೀರು ಬಂತು. ಅಕ್ಕ ತಿರುಗಿ ನೋಡಿದಾಗ ಕಾಲುವೆ ದಡದಿಂದ ದಡಕ್ಕೆ ತುಂಬಿತ್ತು. ಬುಟ್ಟಿ ಮಾತ್ರ ಮೆಲ್ಲಗೆ ತಿರುಗುತ್ತ ಹೋಗುತ್ತಿತ್ತು.

ಆಮೇಲೆ ಬಹಳ ದಿನ ಕುಂಬಾರಗಿತ್ತಿ ಕನಸಿನಲ್ಲಿ ನಡೆಯುವವಳಂತೆ ನಡೆದಳು. ಚಕ್ರ ತಿರುಗಿದರೆ ನೀರಿನ ಸುಳಿ ಕಾಣುತ್ತಿತ್ತು. ತಟ್ಟಿದ ಮಡಕೆಯೊಳಗೆ ಕಿವಿಯಿಟ್ಟರೆ "ಅಕ್ಕಾ" ಎಂದಂತೆ ಆಗುತ್ತಿತ್ತು. ಒಂದು ದಿನ ಅವಳು ಬೀಸುವುದನ್ನು ಅರ್ಧಕ್ಕೆ ಬಿಟ್ಟು ಎದ್ದು ಹೋಗಿ ಹಿರಿಯರ ದೋಣಿಯಲ್ಲಿ ಕುಳಿತಳು. ಯಾರೂ ಇಳಿ ಎನ್ನಲಿಲ್ಲ.

ಮಂಟಪದಲ್ಲಿ ಒಬ್ಬರು, "ನೀನು ಯಾರ ಹೆಂಡತಿಯಮ್ಮ?" ಎಂದು ಕೇಳಿದರು.

"ನನ್ನ ಹೆಸರು ದೇಮವ್ವ" ಎಂದಳು ಅವಳು. "ಕಾಲುವೆಯಲ್ಲಿ ಹೋದವಳ ಅಕ್ಕ."

ಊರಿನ ಯಜಮಾನ ಒಳ್ಳೆಯ ಮನುಷ್ಯ. ಅವಳು ಹೇಳಿದ್ದನ್ನೆಲ್ಲ ಕೇಳಿದ. ಅವನ ಕಣ್ಣು ತುಂಬಿತು. ತೂಬಿನ ಬಳಿ ಒಂದು ಗಂಟೆ ಕಟ್ಟಿಸಿದ. ನೀರು ಬಿಡುವ ಮೊದಲು ಗಂಟೆ ಹೊಡೆಯಬೇಕು, ಕೆಳಗಿನವರು ದಡ ಹತ್ತಿದ್ದನ್ನು ನೋಡಿ ತೂಬು ಎತ್ತಬೇಕು ಎಂದು ನೀರುಗಂಟಿಗೆ ಹೇಳಿದ. ಹಾಗೆಯೇ ನಡೆಯಿತು. ಹೆಂಗಸರು ಯಜಮಾನನನ್ನು ಹರಸಿದರು. ಗಂಟೆಯ ದನಿ ಕಾಲುವೆಯುದ್ದಕ್ಕೂ ಹರಿದು ಹೋಗುವಾಗ ದೇಮವ್ವ ಕೆಲಸ ನಿಲ್ಲಿಸಿ ಅದು ಪೂರ್ತಿ ಕರಗುವ ತನಕ ಕೇಳುತ್ತಿದ್ದಳು.

ಯಜಮಾನ ಮುದುಕನಾದ. ತೀರಿಕೊಂಡ. ಇನ್ನೊಬ್ಬ ಯಜಮಾನನಾದ. ಅವನೂ ಕೆಟ್ಟವನೇನಲ್ಲ. ಗಂಟೆಯ ಹಗ್ಗ ಹರಿಯಿತು. ನೀರುಗಂಟಿ ಹೋಗಿ ಹೇಳಿದ. "ಹಾಕಿಸೋಣ" ಎಂದ ಹೊಸ ಯಜಮಾನ. ಅವನಿಗೆ ಬೇರೆ ಕೆಲಸಗಳಿದ್ದವು. ಹಗ್ಗದ ಮಾತು ಹಿಂದೆ ಬಿತ್ತು. ನೀರು ಮೊದಲಿನಂತೆ ಹೇಳದೆ ಕೇಳದೆ ಬರತೊಡಗಿತು.

ಆ ಮಳೆಗಾಲ ಕಳೆದ ಮೇಲೆ ಊರಿಗೆ ಹೊಸದಾಗಿ ಬಂದ ಒಬ್ಬ ಮದುವಣಗಿತ್ತಿ ಕೊಚ್ಚಿಹೋದಳು. ಕೆಳಗೆ ಕೇದಗೆಯ ಮೆಳೆಯಲ್ಲಿ ಅವಳ ಸೀರೆ ಸಿಕ್ಕಿಕೊಂಡಿತ್ತು. ಜೀವ ಇತ್ತು. ಮೈಯೆಲ್ಲ ಮುಳ್ಳಿನ ಗೀರು. ದೇಮವ್ವ ಅವಳನ್ನು ತೊಡೆಯ ಮೇಲೆ ಮಲಗಿಸಿಕೊಂಡು ತಲೆ ಒರೆಸಿದಳು. ಬಹಳ ಹೊತ್ತಿನ ಮೇಲೆ ಹುಡುಗಿ ಕಣ್ಣು ಬಿಟ್ಟು, "ನೀರಿನೊಳಗೆ ಯಾರೋ ನನ್ನ ಕೈ ಹಿಡಿದುಕೊಂಡಿದ್ದರು ಅಕ್ಕಾ" ಎಂದಳು.

ದೇಮವ್ವ ಆ ಕೈಯನ್ನು ಬಿಡಿಸಿ ನೋಡಿದಳು. ತಣ್ಣಗಿತ್ತು. ಅದರಲ್ಲಿ ಬೆಣ್ಣೆಯಂಥ ಮಣ್ಣು ಮೆತ್ತಿತ್ತು.

ಮರುದಿನ ಅವಳು ದೋಣಿಯ ಕಡೆಗೆ ಹೋಗಲಿಲ್ಲ. ಕಾಲುವೆಗೆ ಇಳಿದಳು. ಅವಳ ಹಿಂದೆ ಅಗಸಗಿತ್ತಿಯರು ಇಳಿದರು, ಒಕ್ಕಲಗಿತ್ತಿಯರು ಇಳಿದರು, ಎಂದೂ ಹೊಸಿಲು ದಾಟದ ವ್ಯಾಪಾರಿಯ ಹೆಂಡತಿಯೂ ಇಳಿದಳು. ತಿರುವಿನಿಂದ ತೂಬಿನವರೆಗೆ ಹೆಂಗಸರು ನಿಂತರು. ಯಾರೂ ಕೂಗಲಿಲ್ಲ. ಮಂಜು ಅವರ ಸೊಂಟದ ತನಕ ಇತ್ತು. ದೂರದಿಂದ ನೋಡಿದರೆ ಬಣ್ಣದ ಸೀರೆಗಳ ಒಂದು ನದಿ ಹರಿಯದೆ ನಿಂತ ಹಾಗೆ ಕಾಣುತ್ತಿತ್ತು.

ಗದ್ದೆಗೆ ಅಂದು ನೀರು ಬೇಕೇ ಬೇಕು. ನೀರುಗಂಟಿ ತೂಬಿನ ಮೇಲೆ ಹತ್ತಿದ. ಕೆಳಗೆ ನೋಡಿದ. ಸಾಲಿನಲ್ಲಿ ಅವನ ತಾಯಿಯೂ ಇದ್ದಳು. ಅವನು ಕೈ ಬಿಟ್ಟು ಅಲ್ಲಿಯೇ ಕುಳಿತ.

ಸುದ್ದಿ ಮಂಟಪಕ್ಕೆ ಹೋಯಿತು. ಹಿರಿಯರು ಮೊದಲು ನಕ್ಕರು, ಆಮೇಲೆ ಸಿಟ್ಟಾದರು. ಬಿಸಿಲು ಏರಿತು. ಕೊನೆಗೆ ದೋಣಿಗಳು ದಡದ ಕಡೆಗೆ ಬಂದವು. ಸಭೆ ಹೆಂಗಸರ ಎದುರು ಕಾಲುವೆಯ ಏರಿಯ ಮೇಲೆ ಕುಳಿತದ್ದು ಅದೇ ಮೊದಲು.

"ಹಗ್ಗ ಇಂದೇ ಹಾಕಿಸುತ್ತೇನೆ, ಮೇಲೆ ಬನ್ನಿ ತಾಯಂದಿರಾ" ಎಂದ ಯಜಮಾನ.

"ಹಗ್ಗ ಕೇಳಲು ನಿಂತಿಲ್ಲ ಯಜಮಾನರೇ" ಎಂದಳು ದೇಮವ್ವ. "ಇನ್ನು ಮೇಲೆ ಸಭೆ ಈ ಏರಿಯ ಮೇಲೆ ಸೇರಲಿ. ಮಧ್ಯಾಹ್ನದ ಊಟ ಮುಗಿದ ಮೇಲೆ ಸೇರಲಿ. ನಮ್ಮ ಕಡೆಯ ಹೆಂಗಸರು ನಿಮ್ಮ ಜೊತೆಗೆ ಕುಳಿತಲ್ಲದೆ ಅದು ಸಭೆಯಾಗದಿರಲಿ. ತೂಬಿಗೆ ಎರಡು ಬೀಗ ಹಾಕಿಸಿ. ಒಂದರ ಕೀಲಿ ನಿಮ್ಮಲ್ಲಿರಲಿ, ಇನ್ನೊಂದರ ಕೀಲಿ ಕಾಲುವೆಯ ಕೇರಿಯ ಹೆಂಗಸರಲ್ಲಿರಲಿ. ಎರಡೂ ತೆಗೆದರೆ ಮಾತ್ರ ನೀರು."

ಯಜಮಾನನಿಗೆ ನೋವಾಯಿತು. "ನನ್ನ ಮೇಲೆ ನಂಬಿಕೆ ಇಲ್ಲವೇನಮ್ಮ?"

"ನಿಮ್ಮ ಮೇಲೆ ಇದೆ. ನಿಮ್ಮ ನಂತರ ಬರುವವರ ಮುಖವನ್ನು ನಾನು ಕಂಡಿಲ್ಲ."

ಹೊತ್ತು ಇಳಿಯುವ ತನಕ ವಾದ ನಡೆಯಿತು. ಕಟ್ಟಳೆ ಎಂದು ಮಾಡಿಬಿಟ್ಟರೆ ಮುಂದೆ ಬಿಡಿಸಿಕೊಳ್ಳಲು ಆಗುವುದಿಲ್ಲ ಎಂದ ಒಬ್ಬ ಹಿರಿಯ. ಅದಕ್ಕೇ ಕೇಳುತ್ತಿರುವುದು ಎಂದಳು ಒಬ್ಬ ಅಗಸಗಿತ್ತಿ. ಹೆಂಗಸರು ಮೇಲೆ ಬಂದದ್ದು ಕಮ್ಮಾರ ಎರಡನೆಯ ಬೀಗವನ್ನು ತೂಬಿಗೆ ಬಡಿದು ಕೂರಿಸಿದ ಮೇಲೆ.

ಆಮೇಲೆ ಆ ಊರಿಗೆ ಎಷ್ಟೋ ಯಜಮಾನರು ಬಂದರು, ಹೋದರು. ಕೆಲವರು ಕರುಣೆಯುಳ್ಳವರು. ಒಬ್ಬನಂತೂ ಹೆಂಗಸರ ಮಾತು ಎತ್ತಿದರೆ ಮುಖ ತಿರುಗಿಸುತ್ತಿದ್ದ. ಅವನ ಕಾಲದಲ್ಲಿಯೂ ಕಾಲುವೆಗೆ ನೀರು ಹೇಳಿಯೇ ಬಂತು. ಅವನೂ ಕೀಲಿಗಾಗಿ ಕಾಲುವೆಯ ಕೇರಿಗೆ ಆಳನ್ನು ಕಳಿಸಲೇಬೇಕಾಗಿತ್ತು, ಏರಿಯ ಮೇಲೆ ಹೆಂಗಸರ ಪಕ್ಕದಲ್ಲಿ ಕೂರಲೇಬೇಕಾಗಿತ್ತು. ಕೂತು ಕೂತು ಅವರ ಹೆಸರುಗಳು ಅವನಿಗೂ ಬಾಯಿಗೆ ಬಂದವು.

ದೇಮವ್ವ ಹಣ್ಣು ಮುದುಕಿಯಾದಳು. ಕಣ್ಣು ಮಂದವಾಯಿತು. ಸಂಜೆ ಕಾಲುವೆಯ ದಡದಲ್ಲಿ ಕುಳಿತಿರುತ್ತಿದ್ದಳು. ನೀರಿನಲ್ಲಿ ಹೆಣ್ಣುಮಕ್ಕಳು ಆಡುತ್ತಿದ್ದರು. ಈ ನೀರಿಗೆ ಒಂದು ಕಾಲದಲ್ಲಿ ಜನ ಹೆದರುತ್ತಿದ್ದರು ಎಂದರೆ ಅವರು ನಗುತ್ತಿದ್ದರು. ಆ ನಗೆಗಳ ನಡುವೆ ತನಗೆ ಗುರುತಿರುವ ಒಂದು ನಗೆಯೂ ಇದೆಯೆಂದು ಅವಳಿಗೆ ಅನಿಸುತ್ತಿತ್ತು. ಅದು ಯಾರದೆಂದು ಅವಳು ಯಾರನ್ನೂ ಕೇಳುತ್ತಿರಲಿಲ್ಲ. ಹಾಗೆಯೇ ಕೇಳುತ್ತ ಕೇಳುತ್ತ ತೂಕಡಿಸುತ್ತಿದ್ದಳು.

ಗುರು ಕತೆಯನ್ನು ಅಲ್ಲಿಗೆ ನಿಲ್ಲಿಸಿದರು.

ಶಿಷ್ಯನಿಗೆ ಒಂದು ಮಾತು ಚುಚ್ಚುತ್ತಲೇ ಇತ್ತು. "ಆದರೆ ಗುರುಗಳೇ, ಗಂಟೆ ಕಟ್ಟಿಸಿದ ಆ ಮೊದಲನೆಯ ಯಜಮಾನ ನಿಜವಾಗಿಯೂ ಒಳ್ಳೆಯವನಲ್ಲವೇ?"

"ಒಳ್ಳೆಯವನೇ ಮಗು, ಅವನ ಒಳ್ಳೆಯತನವೂ ಅವನ ಜೊತೆಗೇ ಚಿತೆಯೇರಿತು" ಎಂದರು ಗುರು.